ಜೊತೆಗೆ ಬಂದ ದೊಡ್ಡಪ್ಪನ ಮಗ

"ಅಮ್ಮಾ...!"

ವಿನುತಾಳ ಕಿರುಚಾಟಕ್ಕೆ ಬಸವನಗುಡಿಯ ಆ ನರ್ಸಿಂಗ್ ಹೋಮಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಅಷ್ಟು ದೂರದಲ್ಲಿರುವ ದೊಡ್ಡ ಬಸವಣ್ಣನೂ ಒಮ್ಮೆ ಕಿವಿ ಅಲ್ಲಾಡಿಸಿದ ಎಂದು ಆಮೇಲೆ ಕೆಲವರು ಹೇಳಿದ್ದುಂಟು.

ಆಗಿದ್ದು ಇಷ್ಟೇ. ಪಕ್ಕದ ಕುರ್ಚಿಯ ಗಂಡಸಿನ ಕೈಯಿಂದ ಎಕ್ಸ್‌ರೇ ಕವರ್ ಜಾರಿ, ಅದರೊಳಗಿದ್ದ ದಪ್ಪ ಫೈಲ್ ಸಮೇತ, ನೇರವಾಗಿ ಅವಳ ಎಡ ಮಂಡಿಯ ಮೇಲೆ ಬಿದ್ದಿತ್ತು. ಆಪರೇಷನ್ ಆದ ಮಂಡಿ. ಇನ್ನೂ ಹೊಲಿಗೆ ಬಿಚ್ಚದ ಮಂಡಿ!

"ಕಣ್ಣು ಕಾಣಲ್ವೇನ್ರೀ ನಿಮಗೆ?"

"ಕಣ್ಣು ಚೆನ್ನಾಗೇ ಕಾಣತ್ತೆ. ಕೈ ಆಡಲ್ಲ."

ಆಗ ನೋಡಿದಳು. ಅವನ ಬಲಗೈಯನ್ನು ನೀಲಿ ಪಟ್ಟಿಯಲ್ಲಿ ಎದೆಗೆ ಬಿಗಿದು ಕಟ್ಟಿದ್ದರು. ನಲವತ್ತರ ಆಸುಪಾಸಿನ ಮನುಷ್ಯ. ಹಣೆಯ ಮೇಲೆ ಮೂರು ಗೆರೆ ವಿಭೂತಿ. ಆದರೆ ಮೂರೂ ಗೆರೆ ಬಲಗಡೆ ಹುಬ್ಬಿನ ಹತ್ತಿರ ಶುರುವಾಗಿ, ಎಡಗಡೆ ಕೂದಲಿನೊಳಗೆ ಹೋಗಿ ಮಾಯವಾಗಿದ್ದವು.

"ಸಾರಿ..." ಎನ್ನುತ್ತಾ ಅವನು ಎಡಗೈಯಲ್ಲಿ ಫೈಲ್ ಎತ್ತಲು ಹೋದ. ಕಂಕುಳಲ್ಲಿದ್ದ ನೀರಿನ ಬಾಟಲಿಯೂ ಬಿತ್ತು. ಜೇಬಿನಿಂದ ಕನ್ನಡಕವೂ ಬಿತ್ತು.

"ಬಿಡ್ರೀ! ಇನ್ನೇನು ಬೀಳೋಕೆ ಬಾಕಿ ಇದೆ?"

"ನಾನೊಬ್ಬ."

ವಿನುತಾಗೆ ನಗು ಬಂದೇಬಿಟ್ಟಿತ್ತು. ಹಲ್ಲು ಕಚ್ಚಿ ತಡೆದುಕೊಂಡಳು. ಆ ದಿನ ನಗುವುದಿಲ್ಲ ಎಂದು ಬೆಳಗ್ಗೆಯೇ ತೀರ್ಮಾನ ಮಾಡಿಯಾಗಿತ್ತು.

ತೀರ್ಮಾನಕ್ಕೆ ಕಾರಣಗಳಿದ್ದವು.

ವಿನುತಾ ಗಾಂಧಿ ಬಜಾರಿನಲ್ಲಿ ತರಕಾರಿ ಅಂಗಡಿ ಇಟ್ಟಿರುವ ಮುನಿರಾಜು ಅವರ ಮಗಳು. ಹುಟ್ಟಿದಾಗಿನಿಂದ ತರಕಾರಿ ಸಿಪ್ಪೆಯ ಮೇಲೆ ಓಡಾಡಿದವಳು, ಮೂವತ್ತೈದು ದಾಟಿದ ಮೇಲೆ ಒಂದೇ ಒಂದು ಎಲೆಕೋಸಿನ ಎಲೆಗೆ ಕಾಲು ಜಾರಿ ಬಿದ್ದಳು. ಮಂಡಿಯೊಳಗಿನ ಲಿಗಮೆಂಟ್ ಹರಿಯಿತು. ಅಪ್ಪ ಮೊದಲು ಕೋಸನ್ನು ಬೈದರು, ಆಮೇಲೆ ಅವಳನ್ನು ಬೈದರು, ಕೊನೆಗೆ ಅತ್ತರು. ಆಪರೇಷನ್ ಆಯಿತು.

ಆಪರೇಷನ್ ಏನೂ ಕಷ್ಟವಿರಲಿಲ್ಲ. ಅವಳು ಮಲಗಿದ್ದಳು, ಅವರು ಮಾಡಿದರು. ಕಷ್ಟ ಶುರುವಾಗಿದ್ದು ಎದ್ದ ಮೇಲೆ!

ಮಂಡಿ ಒಂದೇ. ಡಾಕ್ಟರು ಒಬ್ಬರಲ್ಲ. ಬಸವನಗುಡಿಯ ನಾಗಭೂಷಣ್ ಡಾಕ್ಟರು ಮಂಡಿ ನೋಡಿ, "ಶುಗರ್ ಸ್ವಲ್ಪ ಜಾಸ್ತಿ ಇದೆ, ಚಾಮರಾಜಪೇಟೆಯಲ್ಲಿ ಒಬ್ರಿಗೆ ತೋರಿಸಿ" ಎಂದರು. ಚಾಮರಾಜಪೇಟೆಯವರು ಶುಗರ್ ನೋಡಿ, "ಯಾವುದಕ್ಕೂ ಹಾರ್ಟ್ ತೋರಿಸಿಬಿಡಿ" ಎಂದರು. ಹಾರ್ಟಿನವರು ಎದೆಗೆಲ್ಲ ವೈರು ಅಂಟಿಸಿ, "ಹಾರ್ಟ್ ಫಸ್ಟ್‌ಕ್ಲಾಸ್, ಕಣ್ಣು ಚೆಕ್ ಮಾಡಿಸಿದೀರಾ?" ಎಂದರು. ಇವರೆಲ್ಲರ ಮಧ್ಯೆ ಮಲ್ಲೇಶ್ವರದಲ್ಲಿ ಫಿಸಿಯೋಥೆರಪಿ. ಹೀಗೇ ಹೋದರೆ ತನ್ನ ದೇಹದಲ್ಲಿ ಡಾಕ್ಟರಿಲ್ಲದ ಜಾಗ ಎಂದರೆ ಜಡೆ ಒಂದೇ ಉಳಿಯುತ್ತದೆ ಎಂದು ಅವಳಿಗೆ ಅನ್ನಿಸಿತ್ತು.

ಮನೆಗೆ ನೋಡಲು ಬಂದವರೂ ಸುಮ್ಮನಿರುತ್ತಿರಲಿಲ್ಲ. ಆ್ಯಪಲ್ ಕೊಟ್ಟು, ಹೋಗುವಾಗ ಒಬ್ಬ ಹೊಸ ಡಾಕ್ಟರ ನಂಬರೂ ಕೊಟ್ಟು ಹೋಗುತ್ತಿದ್ದರು.

ಇಷ್ಟು ಕಡೆ ಕರೆದುಕೊಂಡು ಹೋಗಬೇಕಾದವನು ತಮ್ಮ ಧರ್ಮೇಂದ್ರ. ಅವನು ಬೆಳಗ್ಗೆಯಿಂದ ಫೋನಿನಲ್ಲಿ, "ಐದೇ ನಿಮಿಷ ಅಕ್ಕ, ಶೇಷಾದ್ರಿಪುರಂ ದಾಟಿದೆ" ಎನ್ನುತ್ತಿದ್ದ. ಶೇಷಾದ್ರಿಪುರಂ ಅಷ್ಟು ದೊಡ್ಡದು ಎಂದು ವಿನುತಾಗೆ ಅಂದೇ ಗೊತ್ತಾಗಿದ್ದು.

"ವಿನುತಾ ಯಾರು? ಅಟೆಂಡರ್ ಎಲ್ಲಿ?"

ಕೌಂಟರಿನಿಂದ ಕೂಗಿದ್ದು ಪ್ರೇಮಲತಾ. ನಾಗಭೂಷಣ್ ಡಾಕ್ಟರ ಪೇಷೆಂಟುಗಳು ಯಾವ ಡಾಕ್ಟರನ್ನು ಯಾವಾಗ ನೋಡಬೇಕೆಂದು ಬುಕ್ ಮಾಡುವವರು ಈಕೆಯೇ. ಡಾಕ್ಟರಿಗೂ ಈಕೆಯನ್ನು ಕಂಡರೆ ಭಯ.

"ಬರ್ತಿದಾನೆ ಮೇಡಂ... ತಮ್ಮ. ಶೇಷಾದ್ರಿಪುರಂ ದಾಟಿದಾನಂತೆ."

"ಆಗ್ಲೂ ಅದೇ ಹೇಳಿದ್ರಿ. ನೋಡೀಮ್ಮ, ಮನೆಯವರು ಒಬ್ರು ಜೊತೆಗಿಲ್ದೆ ಹೊಲಿಗೆ ಬಿಚ್ಚಲ್ಲ. ಹಿಂದೆ ಒಬ್ರು ಒಂಟಿಯಾಗಿ ಬಂದು, ತಲೆ ತಿರುಗಿ ನಮ್ಮ ಡಾಕ್ಟ್ರ ಮೇಲೆ ಬಿದ್ರು. ಡಾಕ್ಟ್ರಿಗೇ ಹೊಲಿಗೆ ಹಾಕ್ಬೇಕಾಯ್ತು. ಇನ್ನೊಂದಿನ ಬನ್ನಿ."

ಇನ್ನೊಂದು ದಿನ! ಇನ್ನೊಂದು ಆಟೋ, ಇನ್ನೊಂದು ಟೋಕನ್, ಇನ್ನೊಂದು ಶೇಷಾದ್ರಿಪುರಂ!

ವಿನುತಾಳ ತಲೆಯೊಳಗೆ ಏನೋ ಪಟ್ ಎಂದಿತು. ವಾಕರ್ ಹಿಡಿದು ಎದ್ದಳು. ಪಕ್ಕದವನ ಕಡೆ ಬೆರಳು ತೋರಿಸಿದಳು.

"ಇವರೇ ನನ್ನ ಅಟೆಂಡರ್!"

"ಇವರಾ? ಇವರೂ ಪೇಷೆಂಟೇ ಅಲ್ವಾ? ಇವರಿಗೂ ಜೊತೆಗ್ಯಾರೂ ಇಲ್ಲ ಅಂತ ಆವಾಗ್ಲಿಂದ ಕೂರಿಸಿದೀನಿ."

"ಅದಕ್ಕೇ ಮೇಡಂ! ನನಗೆ ಇವರು, ಇವರಿಗೆ ನಾನು."

ಹೇಳಿದ ಮೇಲೆ ಆ ಮಾತು ಅವಳು ಅಂದುಕೊಂಡಿದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು. ಪಕ್ಕದವನು ನಿಧಾನವಾಗಿ ತಲೆ ಎತ್ತಿ ಅವಳನ್ನೇ ನೋಡಿದ.

"ಏನಾಗ್ಬೇಕು ಇವರು ನಿಮಗೆ?" ಪ್ರೇಮಲತಾ ಕಣ್ಣು ಕಿರಿದು ಮಾಡಿದರು.

ಇಲ್ಲೊಂದು ವಿಷಯ ಹೇಳಲೇಬೇಕು. ವಿನುತಾ ಕೆಲಸ ಮಾಡುವುದು ಸುಲ್ತಾನ್‌ಪೇಟೆಯ ಮದುವೆ ಪತ್ರಿಕೆ ಅಂಗಡಿಯಲ್ಲಿ. ಪತ್ರಿಕೆ ಅಚ್ಚಾಗುವ ಮುಂಚೆ ಯಾರು ಯಾರಿಗೆ ಮೊಮ್ಮಗಳು, ಯಾರು ಸೋದರಮಾವ, ಯಾರ ಹೆಸರು ಯಾರ ಹೆಸರಿಗಿಂತ ಮೇಲೆ ಬರಬೇಕು ಎಂದು ತಿದ್ದುವವಳೇ ಅವಳು. ಸಂಬಂಧ ಒಂದು ತಪ್ಪಿದರೆ ಛತ್ರದಲ್ಲಿ ಹೊಡೆದಾಟವಾಗುತ್ತದೆ ಎನ್ನುವುದು ಅವಳಿಗೆ ಗೊತ್ತು. ಜಗತ್ತಿನ ಸಂಬಂಧಗಳೆಲ್ಲ ನಾಲಿಗೆಯ ತುದಿಯಲ್ಲಿದ್ದ ಅಂಥವಳು ಆ ಗಳಿಗೆಯಲ್ಲಿ ಆರಿಸಿಕೊಂಡದ್ದು...

"ದೊಡ್ಡಪ್ಪನ ಮಗ!"

ಪ್ರೇಮಲತಾ ಎರಡೂ ಫೈಲ್ ನೋಡಿದರು. "ನಿಮ್ಮಪ್ಪ ಮುನಿರಾಜು. ದೊಡ್ಡಪ್ಪ ಸಿದ್ದಬಸಪ್ಪ. ಒಡಹುಟ್ಟಿದವರಾ?"

ವಿನುತಾ ಬೆವೆತಳು. ಮುಗಿಯಿತು ಕಥೆ!

ಆಗ ಅವನು ಬಾಯಿಬಿಟ್ಟ. "ಹೌದು ಮೇಡಂ. ನಮ್ಮ ತಾತಂಗೆ ಎರಡೂ ದೇವರ ಮೇಲೆ ಭಕ್ತಿ ಇತ್ತು."

ಮುಖದ ಮೇಲೆ ಒಂದು ಗೆರೆಯೂ ಅಲ್ಲಾಡಲಿಲ್ಲ, ವಿಭೂತಿಯದ್ದೂ ಸೇರಿ.

"ಅಯ್ಯೋ ಮೊದಲೇ ಹೇಳ್ಬಾರದಾ? ಅಣ್ಣ ತಂಗಿ ಇಬ್ಬರಿಗೂ ಒಟ್ಟಿಗೇ ಏಟಾಗಿದೆ, ಪಾಪ!" ಪ್ರೇಮಲತಾ ಅವರ ಮುಖ ಬೆಣ್ಣೆಯಾಯಿತು. "ಇನ್ಮೇಲೆ ನಿಮ್ಮಿಬ್ಬರಿಗೂ ಎಲ್ಲಾ ಕಡೆ ಒಂದೇ ಟೈಮ್ ಹಾಕ್ತೀನಿ. ಒಂದೇ ಆಟೋದಲ್ಲಿ ಓಡಾಡಿ."

ಒಳಗೆ ಹೊಲಿಗೆ ಬಿಚ್ಚುವಾಗ ವಿನುತಾ ಕಣ್ಣು ಮುಚ್ಚಿ ಅವನ ಎಡಗೈ ಹಿಡಿದುಕೊಂಡಳು. ಅವನು ಕೈ ಬಿಡಿಸಿಕೊಳ್ಳಲಿಲ್ಲ. ಆಮೇಲೆ ನೋಡಿದರೆ ಅವನ ಕೈಯಲ್ಲಿ ಅವಳ ಉಗುರಿನ ಗುರುತು.

"ಸಾರಿ ರೀ... ನಿಮ್ಮ ಹೆಸರೂ ಕೇಳ್ಲಿಲ್ಲ."

"ಕೈಲಾಸ್. ನಿಮ್ಮ ದೊಡ್ಡಪ್ಪನ ಮಗ."

*

ಹೀಗೆ ಶುರುವಾಯಿತು ಓಡಾಟ.

ಅವಳಿಗೆ ಕಾಲಿಲ್ಲ, ಅವನಿಗೆ ಕೈಯಿಲ್ಲ. ಇಬ್ಬರನ್ನೂ ಸೇರಿಸಿದರೆ ಹೇಗೋ ಒಬ್ಬ ಪೂರ್ತಿ ಮನುಷ್ಯ ಸಿಗುತ್ತಿದ್ದ. ಆಟೋ ಹಿಡಿಯಲು ರಸ್ತೆಗೆ ಓಡುವುದು ಅವನು. ಬಾಟಲಿ ಮುಚ್ಚಳ ತೆಗೆಯುವುದು, ಮಾತ್ರೆ ಬಿಡಿಸುವುದು, ಅವನ ಕೈಪಟ್ಟಿ ಬಿಗಿಮಾಡುವುದು ಅವಳು. ಲಿಫ್ಟ್ ಕೆಟ್ಟಿದ್ದ ಒಂದು ಕ್ಲಿನಿಕ್ಕಿನಲ್ಲಿ ಅವಳು ಒಂದೊಂದೇ ಮೆಟ್ಟಿಲು ಹತ್ತುವಾಗ, ವಾಕರನ್ನು ಎಡಗೈಯಲ್ಲಿ ಎತ್ತಿ ಹಿಡಿದು ಅವನು ಹಿಂದೆ ಹಿಂದೆ ಬಂದ. ನೋಡಿದವರು ಯಾವುದೋ ಉತ್ಸವ ಹೊರಟಿದೆ ಎಂದುಕೊಂಡು ದಾರಿ ಬಿಟ್ಟರು.

ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವ ದಿನ ಮಾತ್ರ ವಿನುತಾಳ ಸಿಟ್ಟು ನೆತ್ತಿಗೇರುತ್ತಿತ್ತು.

"ಇಲ್ಲಿ ಖಾಲಿ ಹೊಟ್ಟೆ ಅಂತಾರೆ. ಎದುರುಗಡೆನೇ ಹೋಟ್ಲು ಇಟ್ಟಿದಾರೆ! ದೋಸೆ ವಾಸನೆ ಒಳಗೆ ಬರ್ತಿದೆ. ಶುಗರ್ ಅದಕ್ಕೇ ಜಾಸ್ತಿ ಬರೋದು!"

"ವಾಸನೆಗೆ ಶುಗರ್ ಏರಲ್ಲ ವಿನುತಾ ಅವ್ರೇ."

"ನನಗೆ ಏರತ್ತೆ! ಯಾಕೆ, ನಿಮಗೆ ಸಿಟ್ಟೇ ಬರಲ್ವಾ? ಬೆಳಗ್ಗೆಯಿಂದ ಕೂತಿದೀವಿ. ನಮ್ಮ ಫೈಲ್ ಸಿಕ್ತಿಲ್ವಂತೆ. ನಿನ್ನೆ ಅವರೇ ತಗೊಂಡಿದ್ದು!"

"ಬರತ್ತೆ. ಆದ್ರೆ ಎಡಗೈಲಿ ಸಿಟ್ಟು ಮಾಡ್ಕೊಳ್ಳೋದು ಅಭ್ಯಾಸ ಇಲ್ಲ."

ಅವಳು ನಕ್ಕಳು. ನಕ್ಕಿದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು. ಆಮೇಲೆ ಅವನ ಹಣೆ ನೋಡಿದಳು.

"ನಿಮ್ಮ ವಿಭೂತಿ ಓರೆ ಇದೆ."

"ಎಡಗೈಲಿ ಹಚ್ಚಿದ್ದು."

"ಮನೇಲಿ ಯಾರಾದ್ರೂ ಸರಿ ಮಾಡ್ಬಾರದಾ?"

"ಅಮ್ಮಂಗೆ ಕಣ್ಣು ಮಂಜು. ಅವರಿಗೆ ನೇರವಾಗೇ ಕಾಣತ್ತೆ."

ಸರಿ ಮಾಡಲೇ ಎಂದು ಅವಳ ಹೆಬ್ಬೆರಳು ತುಡಿಯಿತು. ಆದರೆ ಹಾಗೆಲ್ಲ ಮಾಡಬಹುದೇ? ಬೆರಳು ಮಡಚಿಕೊಂಡು ಸುಮ್ಮನೆ ಕೂತಳು.

ಅವನ ಮನೆಯವರದು ಪೇಟೆಯಲ್ಲಿ ಹಿತ್ತಾಳೆ ಪಾತ್ರೆ ಅಂಗಡಿ. ಭುಜ ಹೋದ ಕಥೆಯನ್ನು ಅವನು ಫಿಸಿಯೋಥೆರಪಿಯಲ್ಲಿ ಹೇಳಿದ. ಮಲ್ಲೇಶ್ವರದ ಅಭಿರಾಮ ಎಂಬ ಫಿಸಿಯೋ ಅವಳ ಪಾದ ಹಿಡಿದು ಮಂಡಿ ಬಗ್ಗಿಸುವಾಗ ಅವಳಿಗೆ ಜೀವ ಹೋಗುತ್ತಿತ್ತು. ಪಕ್ಕದ ಮಂಚದಲ್ಲಿ ಭುಜಕ್ಕೆ ಶಾಖ ತೆಗೆದುಕೊಳ್ಳುತ್ತಾ ಕೈಲಾಸ್ ಮಾತು ಶುರುಮಾಡುತ್ತಿದ್ದ.

"ಯಾರೋ ದೇವಸ್ಥಾನದವರು ಘಂಟೆ ಕೊಳ್ಳೋಕೆ ಬಂದ್ರು. ಎಲ್ಲಕ್ಕಿಂತ ದೊಡ್ಡದನ್ನೇ ತೋರಿಸಿ ಅಂದ್ರು. ಒಂದೇ ಕೈಲಿ ಎತ್ತಿ ಬಾರಿಸ್ದೆ. ಘಂಟೆನೂ ಸೌಂಡ್ ಮಾಡ್ತು, ಭುಜಾನೂ ಸೌಂಡ್ ಮಾಡ್ತು. ಅವರು ಕಣ್ಮುಚ್ಚಿ ಕೇಳಿ, 'ಎರಡನೇದು ಸ್ವಲ್ಪ ಒಡೆದಂಗಿದೆ' ಅಂದ್ರು."

"ಆಮೇಲೆ? ಘಂಟೆ ತಗೊಂಡ್ರಾ?"

"ಊದಿನಕಡ್ಡಿ ಸ್ಟ್ಯಾಂಡ್ ತಗೊಂಡು ಹೋದ್ರು."

ವಿನುತಾ ನಗುವಷ್ಟರಲ್ಲಿ ಮಂಡಿ ಇನ್ನಷ್ಟು ಬಗ್ಗಿಬಿಡುತ್ತಿತ್ತು. ಅಭಿರಾಮನಿಗೆ ಗುಟ್ಟು ಗೊತ್ತಾಯಿತು. "ಅಣ್ಣ, ಇನ್ನೊಂದು ಹೇಳಿ" ಎಂದು ಅವನೇ ಕೇಳತೊಡಗಿದ.

ಅವಳಿಗೆ ನಿಜವಾಗಿ ಏನೋ ಆಗಿದ್ದು ಚಾಮರಾಜಪೇಟೆಯ ಶುಗರ್ ಡಾಕ್ಟರ ಎದುರು.

"ನಿದ್ದೆ ಚೆನ್ನಾಗಿ ಬರತ್ತಾಮ್ಮ?" ಎಂದರು ಡಾಕ್ಟರು, ಕಂಪ್ಯೂಟರ್ ನೋಡುತ್ತಾ.

"ಹೂಂ ಡಾಕ್ಟ್ರೇ." ಬೇಗ ಮುಗಿಸಿ ಹೊರಟರೆ ಸಾಕಾಗಿತ್ತು.

"ಇಲ್ಲ ಡಾಕ್ಟ್ರೇ," ಎಂದ ಕೈಲಾಸ್ ಹಿಂದಿನಿಂದ. "ನಡುರಾತ್ರಿ ಎದ್ದು ಕೂತ್ಕೋತಾರೆ. ನೋವಿರತ್ತೆ. ಯಾರಿಗೂ ಹೇಳಲ್ಲ."

ಹೊರಗೆ ಬಂದ ಮೇಲೆ ವಿನುತಾ ವಾಕರ್ ನಿಲ್ಲಿಸಿ ಕೇಳಿದಳು. "ನಿಮಗ್ಯಾರು ಹೇಳಿದ್ದು?"

"ವಾಟ್ಸಾಪಲ್ಲಿ ಕಾಣತ್ತಲ್ಲ. ಅಷ್ಟೊತ್ತಲ್ಲಿ ಆನ್‌ಲೈನ್ ಇರ್ತೀರ."

"ಅಷ್ಟೊತ್ತಲ್ಲಿ ನೀವ್ಯಾಕೆ ನೋಡ್ತೀರ?"

ಅವನು ಆಟೋ ಕೂಗಲು ಹೋದ.

ಮನೆಗೆ ಬಂದವರೆಲ್ಲ ಕಾಲು ಹೇಗಿದೆ ಎಂದು ಕೇಳಿದ್ದರು. ನಿದ್ದೆ ಬರಲ್ಲವಾ ಎಂದು ಒಬ್ಬರೂ ಕೇಳಿರಲಿಲ್ಲ... ವಿನುತಾ ಆಟೋದಲ್ಲಿ ಉದ್ದಕ್ಕೂ ಹೊರಗೆ ನೋಡುತ್ತಾ ಕೂತಳು. ಕಣ್ಣಿನ ಡಾಕ್ಟರು ಆಗ ಅವಳ ಕಣ್ಣು ನೋಡಿದ್ದರೆ ಏನೋ ಸೋರುತ್ತಿದೆ ಎಂದು ಇನ್ನೊಬ್ಬರ ಹತ್ತಿರ ಕಳಿಸುತ್ತಿದ್ದರು.

*

ಎಡವಟ್ಟಾಗಿದ್ದು ಪ್ರೇಮಲತಾ ಅವರಿಂದ. ಅಲ್ಲ, ವಿನುತಾಳಿಂದಲೇ.

"ವಿನುತಾ, ಇಲ್ಲಿ ಬಾಮ್ಮ." ಒಂದು ದಿನ ಕೈಲಾಸ್ ಎಕ್ಸ್‌ರೇಗೆ ಒಳಗೆ ಹೋದಾಗ ಪ್ರೇಮಲತಾ ದನಿ ತಗ್ಗಿಸಿದರು. "ನಿಮ್ಮಣ್ಣಂಗೆ ಇನ್ನೂ ಮದುವೆ ಆಗಿಲ್ಲಂತೆ?"

"...ಇಲ್ಲ ಮೇಡಂ."

"ಹುಡುಗಿ ನೋಡ್ತಿದೀರಾ?"

ಏನು ಹೇಳುವುದು? ಅವನು ನನ್ನ ಅಣ್ಣನೇ ಅಲ್ಲ ಎಂದರೆ ಈಕೆ ಇಬ್ಬರನ್ನೂ ಹೊರಗೆ ಹಾಕುತ್ತಾರೆ. ಒಟ್ಟಿಗೆ ಬರುವ ಟೈಮುಗಳೆಲ್ಲ ಹೋಗುತ್ತವೆ. ಮತ್ತೆ ಧರ್ಮೇಂದ್ರ, ಮತ್ತೆ ಶೇಷಾದ್ರಿಪುರಂ!

"ಹಾಂ... ನೋಡ್ತಿದೀವಿ."

"ನಮ್ಮ ಪಕ್ಕದ ಮನೆ ಹುಡುಗಿ ಶರಣ್ಯ ಅಂತ. ಬ್ಯಾಂಕಲ್ಲಿದಾಳೆ. ವಿಭೂತಿ ಹಚ್ಚೋ ಜನಾನೇ. ಫೋಟೋ ಕಳಿಸ್ತೀನಿ, ಅಣ್ಣಂಗೆ ತೋರ್ಸು. ತಂಗಿ ಅಂದ್ಮೇಲೆ ನಿಂದೇ ಜವಾಬ್ದಾರಿ."

ಫೋಟೋ ಬಂತು. ಹುಡುಗಿ ಚೆನ್ನಾಗಿದ್ದಳು. ಅದೇ ತೊಂದರೆ.

ಆ ಸಂಜೆ ವಿನುತಾ ಫೋಟೋವನ್ನೇ ನೋಡುತ್ತಾ ಕೂತಳು. ಇವಳಾದರೆ ಅವರ ಜನ, ಅವರ ಮನೆಗೆ ಹೊಂದುತ್ತಾಳೆ. ಎರಡು ಕಾಲೂ ಸರಿಯಾಗಿವೆ. ನಾನ್ಯಾರು? ಸುಳ್ಳು ಹೇಳಿ ಗಂಟುಬಿದ್ದವಳು, ತರಕಾರಿ ಮುನಿರಾಜು ಮಗಳು... ಆದರೂ, ಅವನು ಬೇಡ ಅಂದರೆ? ಒಂದು ಸಲ ಬೇಡ ಅಂದುಬಿಡಲಿ ದೇವರೇ!

ಕಳಿಸಿದಳು. ಕೆಳಗೆ ಬರೆದಳು: 'ಹುಡುಗಿ ಚೆನ್ನಾಗಿದಾಳೆ. ನಿಮಗೆ ಹೊಂದ್ತಾಳೆ. ಏನಂತೀರಾ?'

ಅವನು ನೋಡಿದ್ದು ಗೊತ್ತಾಯಿತು. ಟೈಪ್ ಮಾಡುತ್ತಿರುವುದು ಕಾಣಿಸಿತು. ನಿಂತಿತು. ಮತ್ತೆ ಶುರುವಾಯಿತು. ಎಡಗೈಯಲ್ಲಿ ಒಂದು ಕಾದಂಬರಿಯನ್ನೇ ಬರೆಯುತ್ತಿದ್ದಾನೆ ಎಂದು ಅವಳು ಕಾದಳು.

ಬಂದದ್ದು ಇಷ್ಟು: 'ನೀವು ಹೇಳಿದ್ರೆ ಸರಿ.'

ವಿನುತಾ ಫೋನನ್ನು ಹಾಸಿಗೆಯ ಮೇಲೆ ಎಸೆದಳು. "ನಾನು ಹೇಳಿದ್ರೆ ಸರಿಯಂತೆ! ಇವನಿಗೆ ಸ್ವಂತ ಬುದ್ಧಿ ಇಲ್ವಾ?"

"ಯಾರಿಗೇ?" ಎಂದರು ಅಡುಗೆಮನೆಯಿಂದ ಅಮ್ಮ.

"ದೊಡ್ಡಪ್ಪನ ಮಗಂಗೆ!"

ಅವಳ ಅಪ್ಪನೇ ಮನೆಗೆ ಹಿರಿಯ ಮಗ. ಇಲ್ಲದ ದೊಡ್ಡಪ್ಪ ಎಲ್ಲಿಂದ ಹುಟ್ಟಿದ ಎಂದು ಅಮ್ಮ ತುಂಬಾ ಹೊತ್ತು ಯೋಚಿಸಿದರು.

ಆ ಕಡೆ ಚಿಕ್ಕಪೇಟೆಯ ಮನೆಯಲ್ಲಿ ಕೈಲಾಸನೂ ಫೋನ್ ನೋಡುತ್ತಾ ಕೂತಿದ್ದ. 'ನಿಮಗೆ ಹೊಂದ್ತಾಳೆ' ಎಂದು ಅವಳೇ ಬರೆದ ಮೇಲೆ ಇನ್ನೇನಿದೆ? ಇವಳಿಗೆ ನಾನು ಅಟೆಂಡರ್ ಅಷ್ಟೇ. ಕಾಲು ಸರಿಹೋಗುವವರೆಗೆ...

ಮುಂದಿನ ಫಿಸಿಯೋಗೆ ಅವನು ಬರಲಿಲ್ಲ. ಪ್ರೇಮಲತಾ ಫೋನ್ ಮಾಡಿ, "ನಿಮ್ಮಣ್ಣ ಬೇರೆ ಟೈಮ್ ಕೇಳಿದಾರೆ. ಏನಮ್ಮ, ಜಗಳಾನಾ?" ಎಂದರು.

"ಇಲ್ಲ ಮೇಡಂ..." ಎಂದು ಅವಳು ಫೋನ್ ಇಟ್ಟಳು.

*

ಅವನಿಲ್ಲದ ಮೇಲೆ ಮಂಡಿಯೂ ಮುಷ್ಕರ ಹೂಡಿತು.

ಅಭಿರಾಮ ತಳ್ಳಿದ, ಒತ್ತಿದ, ತನಗೆ ಗೊತ್ತಿದ್ದ ಜೋಕುಗಳನ್ನೆಲ್ಲ ಹೇಳಿದ. ಜೋಕು ಕೇಳಿ ಮಂಡಿ ಇನ್ನೂ ಬಿಗಿಯಾಯಿತು. "ಅಕ್ಕ, ನಿಮ್ಮಣ್ಣನ್ನ ಕರ್ಕೊಂಡ್ಬನ್ನಿ. ನನ್ನಿಂದಾಗಲ್ಲ," ಎಂದು ಟವೆಲಿನಲ್ಲಿ ಮುಖ ಒರೆಸಿಕೊಂಡ.

ನಾಗಭೂಷಣ್ ಡಾಕ್ಟರು ಮಾತ್ರ ನಗಲಿಲ್ಲ. "ನೋಡೀಮ್ಮ, ಅರ್ಧಕ್ಕೇ ನಿಂತಿದೆ. ಮುಂದಿನ ಸಲ ಬರೋ ಹೊತ್ತಿಗೆ ಪೂರ್ತಿ ಬಗ್ಗಬೇಕು. ಇಲ್ಲಾಂದ್ರೆ ಮತ್ತೆ ಅನಸ್ತೇಷಿಯ ಕೊಟ್ಟು ನಾವೇ ಬಗ್ಗಿಸ್ಬೇಕಾಗತ್ತೆ."

ಮತ್ತೆ ಆಪರೇಷನ್ ಥಿಯೇಟರ್! ಮತ್ತೆ ಆ ಎಲ್ಲ ಡಾಕ್ಟರೂ ಮೊದಲಿನಿಂದ!

ರಾತ್ರಿ ಎದ್ದು ಕೂತಾಗ ಅವಳು ಫೋನ್ ತೆಗೆದು ನೋಡುತ್ತಿದ್ದಳು. ಅವನೂ ಆನ್‌ಲೈನ್ ಇರುತ್ತಿದ್ದ. ಇಬ್ಬರೂ ಇರುತ್ತಿದ್ದರು. ಒಬ್ಬರೂ ಬರೆಯುತ್ತಿರಲಿಲ್ಲ. ಮಂಡಿಯ ನೋವಾದರೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದಿತ್ತು...

ಕಡೆಗೂ ಆ ದಿನ ಬಂತು. ಪವಾಡವೆಂದರೆ, ಧರ್ಮೇಂದ್ರನೂ ಬಂದ! ಮತ್ತೆ ಆಪರೇಷನ್ ಎಂದ ಮೇಲೆ ಅಪ್ಪ ಅವನ ಬೈಕಿನ ಕೀ ಕಿತ್ತುಕೊಂಡು ಆಟೋಗೆ ಹತ್ತಿಸಿ ಕಳಿಸಿದ್ದರು.

ನರ್ಸಿಂಗ್ ಹೋಮಿನ ಒಳಗೆ ಕಾಲಿಡುತ್ತಲೇ ವಿನುತಾ ವಾಕರ್ ನಿಲ್ಲಿಸಿದಳು. ಅದೇ ಕುರ್ಚಿಯಲ್ಲಿ ಕೈಲಾಸ್!

ಪ್ರೇಮಲತಾ ಕೌಂಟರಿನ ಹಿಂದೆ ಗೆದ್ದವರಂತೆ ನಗುತ್ತಿದ್ದರು. "ನಾನೇ ಇಬ್ಬರಿಗೂ ಒಂದೇ ಟೈಮ್ ಹಾಕ್ದೆ. ಅಣ್ಣ ತಂಗಿ ಮಾತು ಬಿಡಬಾರದು ಕಣ್ರೀ. ಕೂತ್ಕೊಳ್ಳಿ, ಪಕ್ಕದಲ್ಲೇ ಕೂತ್ಕೊಳ್ಳಿ!"

ಅವಳು ಕೂತಳು. ಅವನ ಕೈಪಟ್ಟಿ ಹೋಗಿತ್ತು. ಆದರೆ ಹಣೆಯ ಗೆರೆಗಳು ಹಾಗೆಯೇ ಕೂದಲೊಳಗೆ ಹೊರಟಿದ್ದವು.

"ಹೇಗಿದೆ ಮಂಡಿ?"

"ಇದೆ."

"ನಿದ್ದೆ?"

ಅವಳು ಕೈಯಲ್ಲಿದ್ದ ಟೋಕನ್ ತಿರುಗಿಸಿ ತಿರುಗಿಸಿ ನೋಡಿದಳು. ಬಾಯಿಬಿಟ್ಟರೆ ಅತ್ತುಬಿಡುತ್ತಿದ್ದಳು.

"ಅಟೆಂಡರ್ ಯಾರು ಇವತ್ತು?" ಎಂದರು ಪ್ರೇಮಲತಾ.

"ನಾನು ಮೇಡಂ, ತಮ್ಮ," ಎಂದ ಧರ್ಮೇಂದ್ರ, ಜೀವನದಲ್ಲಿ ಮೊದಲ ಸಲ ಹೊತ್ತಿಗೆ ಸರಿಯಾಗಿ.

"ಓ, ಶೇಷಾದ್ರಿಪುರಂ ನೀನೇನಾ? ಒಳ್ಳೇದಾಯ್ತು. ನಿಮ್ಮ ಕೈಲಾಸಣ್ಣಂಗೆ ಸ್ವಲ್ಪ ಬುದ್ಧಿ ಹೇಳಪ್ಪ."

"ಯಾವ ಕೈಲಾಸಣ್ಣ?"

"ನಿಮ್ಮ ದೊಡ್ಡಪ್ಪನ ಮಗ!"

"ನಮಗೆ ದೊಡ್ಡಪ್ಪನೇ ಇಲ್ವಲ್ಲ ಮೇಡಂ."

ಹಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ಕಾಯಿಲೆ ಮರೆತರು.

ಪ್ರೇಮಲತಾ ಎದ್ದು ನಿಂತರು. "ಏನಿದು? ಅಣ್ಣ ತಂಗಿ ಅಂತ ನನ್ನ ಹತ್ರ ಸುಳ್ಳು ಹೇಳಿ, ಇಷ್ಟು ದಿನ ಓಡಾಡಿದೀರಾ? ಹಂಗಾದ್ರೆ ಶರಣ್ಯ ಮನೆಯವರಿಗೆ ನಾನೇನು ಹೇಳ್ಲಿ? ಇವರನ್ನ ಕೇಳಿದ್ರೆ 'ತಂಗಿ ಒಪ್ಪಿದ್ರೆ ಬಂದು ನೋಡ್ತೀನಿ' ಅಂತಾರೆ. ನಿನ್ನ ಕೇಳಿದ್ರೆ 'ಅಣ್ಣ ಒಪ್ಪಿದ್ರೆ ಮುಂದುವರೀಲಿ' ಅಂತೀಯ. ಆ ಹುಡುಗಿ ಏನು ಕೇರಂ ಕಾಯಿನ್ನಾ, ನೀನು ಹೊಡಿ ನೀನು ಹೊಡಿ ಅಂತ ತಳ್ಳೋಕೆ? ಯಾರು ಒಪ್ಪಿದೀರಾ, ಯಾರು ಒಪ್ಪಿಲ್ಲ, ಈಗ್ಲೇ ಹೇಳಿ!"

ವಿನುತಾ ನಿಧಾನವಾಗಿ ಕೈಲಾಸನ ಕಡೆ ತಿರುಗಿದಳು.

"ನಾನು ಒಪ್ಪಿದ್ರೆ ಅಂತ ಹೇಳಿದ್ರಾ ನೀವು?"

"ಹೂಂ."

"ಯಾಕೆ?"

"ನೀವು ಒಪ್ಪಲ್ಲ ಅಂದ್ಕೊಂಡಿದ್ದೆ. ಎರಡು ವಾರ ಕಾದೆ. ನೀವು ಒಪ್ಪಲ್ಲ ಅಂತ ಹೇಳ್ಲೇ ಇಲ್ಲ."

"ನೀವು ಬೇಡ ಅಂತೀರ ಅಂತ ನಾನು ಕಾದೆ!"

"ಹೊಂದ್ತಾಳೆ ಅಂತ ಬರೆದಿದ್ದು ಯಾರು?"

"ಬೇಡ ಅನ್ಲಿ ಅಂತಾನೇ ಬರೆದಿದ್ದು! ಅಷ್ಟೂ ಗೊತ್ತಾಗಲ್ವಾ ನಿಮಗೆ? ನಾನು ರಾತ್ರಿ ಎದ್ದು ಕೂತ್ಕೊಳ್ಳೋದು ಗೊತ್ತಾಗತ್ತೆ, ಇದು ಗೊತ್ತಾಗಲ್ವಾ?"

ಕಣ್ಣು ತುಂಬಿ ಹರಿಯಿತು. ಇಷ್ಟು ದಿನ ಅಷ್ಟೊಂದು ಡಾಕ್ಟರ ಮುಂದೆ ಬಾರದ ಅಳು, ಟೋಕನ್ ಹಿಡಿದು ಕೂತಿದ್ದ ಆ ಇಡೀ ಹಾಲಿನ ಮುಂದೆ ಬಂತು.

"ನಾನು ಒಪ್ಪಲ್ಲ ಮೇಡಂ!" ಎಂದು ಅವಳು ಕೌಂಟರಿನ ಕಡೆ ಕೂಗಿದಳು. "ಕೇಳಿಸ್ತಾ? ಒಪ್ಪಲ್ಲ!"

ಕೈಲಾಸ್ ಎದ್ದು ಅವಳ ಎದುರು ನಿಂತ. ಮೊದಲ ಸಲ ಅವನ ದನಿ ನಡುಗಿತು.

"ಸುಲ್ತಾನ್‌ಪೇಟೆಯಲ್ಲಿ ಊರವರ ಸಂಬಂಧ ಎಲ್ಲಾ ತಿದ್ದುತೀರ. ಆವತ್ತು ನಿಮಗೆ ಸಿಕ್ಕಿದ್ದು ದೊಡ್ಡಪ್ಪನ ಮಗಾನೇನಾ? ಸೋದರತ್ತೆ ಮಗ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಆವತ್ತಿಂದ ನಾನು ದಿನಾ ಅದನ್ನೇ ಯೋಚ್ನೆ ಮಾಡ್ತಿದೀನಿ..."

ಹಾಲಿನ ಮೂಲೆಯಿಂದ ಯಾವುದೋ ಅಜ್ಜಿ, "ನಿಜಾನೇ, ಅತ್ತೆ ಮಗ ಅಂದಿದ್ರೆ ಲಕ್ಷಣವಾಗಿರ್ತಿತ್ತು," ಎಂದರು.

ಕೈಲಾಸ್ ಕಣ್ಣೊರೆಸಿಕೊಳ್ಳಲು ಬಲಗೈ ಎತ್ತಿದ. ಕೈ ಹಣೆಯವರೆಗೂ ಹೋಯಿತು, ಆದರೆ ಪಟ್ಟಿ ಬಿಚ್ಚಿದ್ದರೂ ಬೆರಳುಗಳ ಹಿಡಿತಕ್ಕಿನ್ನೂ ಶಕ್ತಿ ಬಂದಿರಲಿಲ್ಲ. ಕೈಯಲ್ಲಿದ್ದ ಎಕ್ಸ್‌ರೇ ಕವರ್, ಫೈಲ್ ಸಮೇತ ಜಾರಿತು... ನೇರವಾಗಿ ಅವಳ ಎಡ ಮಂಡಿಯ ಕಡೆಗೆ!

"ಅಯ್ಯೋ!"

ವಿನುತಾ ಸರಕ್ಕನೆ ಕಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡಳು. ಫೈಲ್ ನೆಲಕ್ಕೆ ಬಿತ್ತು.

"ಅಮ್ಮಾ...!"

ಈ ಸಲವೂ ಬಸವಣ್ಣ ಕಿವಿ ಅಲ್ಲಾಡಿಸಿದನೋ ಇಲ್ಲವೋ ತಿಳಿಯದು. ಆದರೆ ನಾಗಭೂಷಣ್ ಡಾಕ್ಟರು ಬಾಗಿಲು ತೆಗೆದು ಹೊರಗೆ ಬಂದರು. ಅವಳ ಮುಖ ನೋಡಲಿಲ್ಲ, ಅಳು ನೋಡಲಿಲ್ಲ. ಕುರ್ಚಿಯ ಕೆಳಗೆ ಬಗ್ಗಿ ನೋಡಿದರು.

"ಬಗ್ಗಿದೆಯಲ್ಲಾ! ಪೂರ್ತಿ ಬಗ್ಗಿದೆ! ಯಾರು ಮಾಡಿದ್ದು ಇದು?"

ಎಲ್ಲರೂ ಕೈಲಾಸನ ಕಡೆ ಬೆರಳು ತೋರಿಸಿದರು.

"ವೆರಿ ಗುಡ್. ಅನಸ್ತೇಷಿಯ ಬೇಡ. ದಿನಾ ಇದನ್ನೇ ಮಾಡಿಸಿ," ಎಂದು ಡಾಕ್ಟರು ಒಳಗೆ ಹೋದರು.

ವಿನುತಾ ಅಳುತ್ತಲೇ ನಕ್ಕಳು. ನೋವಿಗೆ ಅಳುತ್ತಿದ್ದಳೋ, ಇನ್ಯಾವುದಕ್ಕೋ, ಅವಳಿಗೇ ಗೊತ್ತಾಗಲಿಲ್ಲ. ಧರ್ಮೇಂದ್ರ, "ಅಕ್ಕ, ಇಲ್ಲಿ ನನ್ನ ಕೆಲಸ ಏನಾದ್ರೂ ಇದ್ಯಾ?" ಎಂದ. ಇಲ್ಲ ಎಂದು ತಾನೇ ತೀರ್ಮಾನಿಸಿ ಕಾಫಿ ಕುಡಿಯಲು ಹೋದ. ಬಹುಶಃ ಶೇಷಾದ್ರಿಪುರಂಗೆ.

ಪ್ರೇಮಲತಾ ಮಾತ್ರ ಮುಖ ಊದಿಸಿಕೊಂಡೇ ಕಂಪ್ಯೂಟರ್ ಕುಟ್ಟಿದರು. "ಮುಂದಿನ ವಾರ ಮತ್ತೆ ಬರ್ಬೇಕು. ಆಮೇಲೆ ಫಿಸಿಯೋ. ಆಮೇಲೆ ಶುಗರ್ ರಿಪೀಟ್. ಮನೆಯವರು ಜೊತೆಗಿಲ್ದೆ ಒಳಗೆ ಬಿಡಲ್ಲ, ಹೇಳ್ಬಿಟ್ಟಿದೀನಿ. ಅಟೆಂಡರ್ ಯಾರು?"

"ಇವರೇ," ಎಂದಳು ವಿನುತಾ.

"ಏನಾಗ್ಬೇಕು ಇವರು ನಿಮಗೆ? ಈ ಸಲ ನಿಜ ಹೇಳು."

ವಿನುತಾ ಕೈಲಾಸನನ್ನು ನೋಡಿದಳು. ಮದುವೆ ಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ಕೊನೆಯ ಸಲ ಓದುವಾಗ ನೋಡುವ ಹಾಗೆ, ನಿಧಾನವಾಗಿ.

"ಮನೆಯವರು, ಮೇಡಂ."

ಪ್ರೇಮಲತಾ ಕನ್ನಡಕದ ಮೇಲಿಂದ ನೋಡಿದರು. "ಯಾವಾಗ?"

"ಮಂಡಿ ಮಡಚಿ ಹಸೆಮೇಲೆ ಕೂರೋ ಹಂಗಾದಾಗ," ಎಂದ ಕೈಲಾಸ್.

"ಹಂಗಾದ್ರೆ ಫಿಸಿಯೋ ವಾರಕ್ಕೆ ಎರಡು ಸಲ ಹಾಕ್ತೀನಿ," ಎಂದು ಪ್ರೇಮಲತಾ ಮತ್ತೆ ಕುಟ್ಟತೊಡಗಿದರು. ಬಾಯಿಯ ಒಂದು ಕೊನೆ ಮೇಲಕ್ಕೆ ಹೋಗಿದ್ದು ಯಾರಿಗೂ ಕಾಣಬಾರದೆಂದು ಅವರ ಆಸೆ.

ಹೊರಗೆ ಬಂದರು. ಆಟೋಗೆ ಕಾಯುತ್ತಾ ಮರದ ಕೆಳಗಿನ ಕಟ್ಟೆಯ ಮೇಲೆ ವಿನುತಾ ಕೂತಳು.

"ನಿಮ್ಮಮ್ಮ ಏನಂತಾರೋ..." ಎಂದಳು. "ನಾವು ನಿಮ್ಮ ಜನ ಅಲ್ಲ. ತರಕಾರಿ ಅಂಗಡಿಯವರು."

"ಅಮ್ಮಂಗೆ ಹೇಳಿ ತಿಂಗಳಾಯ್ತು."

"ಏನು? ನನಗಿಂತ ಮುಂಚೆ ಅಮ್ಮಂಗೆ ಹೇಳಿದ್ರಾ?"

"ಅಮ್ಮ ಅಪಾಯಿಂಟ್‌ಮೆಂಟ್ ಇಲ್ದೆ ಸಿಗ್ತಾರೆ."

"ಏನಂದ್ರು?"

"ಮೊದಲು ಎರಡು ದಿನ ಮಾತಾಡ್ಲಿಲ್ಲ. ಆಮೇಲೆ, 'ಆ ಹುಡುಗಿಗೆ ರಾತ್ರಿ ನಿದ್ದೆ ಬರತ್ತಾ ಈಗ?' ಅಂದ್ರು. ಅಷ್ಟೇ."

ವಿನುತಾ ತಲೆ ತಗ್ಗಿಸಿದಳು. ಮತ್ತೆ ಎತ್ತಿದಾಗ ಕಣ್ಣು ಅವನ ಹಣೆಯ ಮೇಲೆ ನಿಂತಿತು.

"ಓರೆ ಇದೆ."

"ಎಡಗೈಲಿ ಹಚ್ಚಿದ್ದು."

"ಪಟ್ಟಿ ಬಿಚ್ಚಿ ವಾರ ಆಯ್ತು ಅಂತ ಪ್ರೇಮಲತಾ ಮೇಡಂ ಹೇಳಿದ್ರು. ಬಲಗೈ ಹಣೆವರೆಗೂ ಹೋಗತ್ತೆ. ನಾನೇ ನೋಡ್ದೆ ಈಗ."

"ಹೋಗತ್ತೆ."

"ಮತ್ತೆ ಎಡಗೈಲಿ ಯಾಕೆ ಹಚ್ಚಿದ್ರಿ?"

ಕೈಲಾಸ್ ರಸ್ತೆಯ ಕಡೆ ನೋಡಿದ. ಅವನ ಕಿವಿ ಕೆಂಪಾಯಿತು.

"ಓರೆ ಇದ್ರೆ ಯಾರಾದ್ರೂ ಸರಿ ಮಾಡ್ತಾರೇನೋ ಅಂತ..."

ಆಟೋ ಬಂದು ನಿಂತಿತು. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಇಬ್ಬರಲ್ಲಿ ಒಬ್ಬರೂ ತಿರುಗಲಿಲ್ಲ.

ವಿನುತಾ ಹೆಬ್ಬೆರಳು ಎತ್ತಿದಳು.

"ಸ್ವಲ್ಪ ಬಗ್ಗಿ. ಅಲ್ಲಾಡ್ಬೇಡಿ."

"ಇಲ್ಲ."